ನಾನು ನೆಟ್ಟಗೆ ಮಾಡಿದ ಗೋಪುರ

"ನನ್ನ ಗಂಡನಿಗೆ ಏನು ಮಾಡಿಬಿಟ್ರಿ?" ಎಂದು ಆ ಇಂಗ್ಲಿಷ್ ಅಜ್ಜಿ ನಾನು ಕೊಟ್ಟ ಫೋಟೊವನ್ನು ನನ್ನೆದುರೇ ಇಟ್ಟು ಕೇಳಿದರು.

ಇಂಗ್ಲೆಂಡಿನ ತಮ್ಮ ಹಳ್ಳಿಯ ಹಳೇ ಚರ್ಚಿನ ಫೋಟೊವನ್ನು ಅವರು ಕೊಲ್ಲಿ ದೇಶದ ಗುದೈಬಿಯಾದಲ್ಲಿರುವ ನಮ್ಮ ಫೋಟೊ ಸ್ಟುಡಿಯೋಗೆ ತಂದಿದ್ದರು, ದೊಡ್ಡದು ಮಾಡಿ ಫ್ರೇಮ್ ಹಾಕಿಸಲು. ಅದರಲ್ಲಿ ಕಲ್ಲಿನ ಗಂಟೆಗೋಪುರ ಎಡಕ್ಕೆ ವಾಲಿತ್ತು. ಫೋಟೊ ತೆಗೆದವರೇ ಕ್ಯಾಮೆರಾ ಸೊಟ್ಟ ಹಿಡಿದಿದ್ದಾರೆ ಅಂದುಕೊಂಡು ಇಡೀ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಗೋಪುರ ನೆಟ್ಟಗೆ ಮಾಡಿದ್ದೆ. ಕುಂದಾಪುರದಲ್ಲಿ ಮದುವೆ ಫೋಟೊ ಮಾಡುವಾಗಿನಿಂದ ಬಂದ ಚಾಳಿ ಅದು, ಯಾರನ್ನೂ ಕೇಳುತ್ತಿರಲಿಲ್ಲ. ಚರ್ಚಿನ ಬಾಗಿಲಲ್ಲಿ ನಿಂತಿದ್ದ ಅವರ ಗಂಡ ಈಗ ಬಲಕ್ಕೆ ವಾಲಿದ್ದನ್ನು ನಾನು ಗಮನಿಸಿರಲೇ ಇಲ್ಲ.

ತಪ್ಪಾಯ್ತು ಎಂದು ಕುರ್ಚಿ ಎಳೆದುಕೊಟ್ಟೆ. ಕೂತು ಹೇಳಿದರು. ಕಟ್ಟುವಾಗಲೇ ಒಂದು ಬದಿಯ ನೆಲ ಕುಸಿದು ಗೋಪುರ ವಾಲಿತಂತೆ. ಕೆಡವಲು ಯಾರಿಗೂ ಮನಸ್ಸಾಗದೆ ಮುಂದಿನ ತಲೆಮಾರಿನವರು ಅದರ ಮೇಲೆಯೇ ಕಟ್ಟಿ ಗಂಟೆ ತೂಗುಹಾಕಿದರಂತೆ. ನೂರಾರು ವರ್ಷದಿಂದ ಅದು ಹಾಗೇ ಇದೆ. ಇವರ ಮದುವೆಯಾದದ್ದು ಅಲ್ಲೇ, ಹೋದ ವರ್ಷ ಗಂಡನನ್ನು ಮಣ್ಣು ಮಾಡಿದ್ದೂ ಅದರ ಅಂಗಳದಲ್ಲೇ.

"ಗೋಪುರ ವಾಲಿಕೊಂಡೇ ಇರಲಿ. ಪಾರ್ಶ್ವವಾಯು ಬಡಿದ ಮೇಲೆ ಇವರು ಕೋಲಿಲ್ಲದೆ ನೆಟ್ಟಗೆ ನಿಂತ ಮೊದಲ ದಿನ ಇದು. ಅದಕ್ಕೆ ಆರು ತಿಂಗಳು ಹಿಡಿದಿತ್ತು" ಎಂದರು.

ಇದ್ದ ಹಾಗೇ ಮತ್ತೆ ಪ್ರಿಂಟ್ ಹಾಕಿಕೊಟ್ಟೆ. ಈಗ ಸೊಟ್ಟ ಫೋಟೊ ಬಂದರೆ ನನ್ನ ಕೈ ಮೌಸ್‌ಗೆ ಹೋಗುವುದಿಲ್ಲ. ಮೊದಲು ಗಿರಾಕಿಗೆ ಕುರ್ಚಿ ಎಳೆದುಕೊಡುತ್ತೇನೆ.