ನರಸಿಂಗಜ್ಜನ ತಿಥಿ ಹುಡುಕಿದ್ದು

ಬಸವಕಲ್ಯಾಣದ ತಹಸೀಲ್ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ದತ್ತಾತ್ರಿ ತನ್ನನ್ನು ಸಂಶೋಧಕ ಎಂದು ಕರೆದುಕೊಳ್ಳತೊಡಗಿ ಎರಡು ವರ್ಷವಾಗಿತ್ತು. ಬೇರೆ ಯಾರೂ ಹಾಗೆ ಕರೆದಿರಲಿಲ್ಲ, ಆ ಮಾತು ಬೇರೆ.

ಇದಕ್ಕೆಲ್ಲ ಮೂಲ ಅವನ ತಾಯಿ ಸಖುಬಾಯಿ. ಆಕೆ ಇನ್ನೂ ಹೊಟ್ಟೆಯಲ್ಲಿದ್ದಾಗ ಆಕೆಯ ಅಪ್ಪ, ನಾರಾಯಣಪುರದ ನರಸಿಂಗ, ಎಮ್ಮೆ ಹೊಡೆದುಕೊಂಡು ಭಾಲ್ಕಿ ಕಡೆ ಹೋದವನು ರೈಲಿಗೆ ಸಿಕ್ಕು ಸತ್ತಿದ್ದ. ಮನೆಗೆ ಬಂದದ್ದು ಅವನ ರುಮಾಲು ಮತ್ತು ಕೋಲು ಮಾತ್ರ. ಸತ್ತ ದಿನ ಯಾರಿಗೂ ಗೊತ್ತಿಲ್ಲದ್ದರಿಂದ, ಪಿತೃಪಕ್ಷದ ಕೊನೆಯ ಅಮಾವಾಸ್ಯೆಗೆ ಮನೆಯ ಎಲ್ಲ ಹಿರಿಯರ ಸಾಲಿನಲ್ಲಿ ಅವನಿಗೂ ಒಂದು ಎಡೆ ಬೀಳುತ್ತಿತ್ತು.

"ಕೈಯಾಗ ಕಸುವು ಇರೋತನಕ ನಮ್ಮಪ್ಪಗ ಅವನ ದಿನಾನೇ ಹೋಳಿಗಿ ಮಾಡಿ ಬಡಸ್ಬೇಕು ದತ್ಯಾ," ಎಂದಳು ಸಖುಬಾಯಿ. "ಸಂತ್ಯಾಗ ಕುಂಡ್ರಿಸಿದಂಗ ಎಲ್ಲಾರ ಜೋಡಿ ಬ್ಯಾಡ."

ಅಜ್ಜಿ ಬದುಕಿದ್ದಾಗ "ಪಚಪನ್ ಸಾಲಿನಾಗ ಹೋದ" ಎನ್ನುತ್ತಿದ್ದಳು. ಪಚಪನ್ ಎಂದರೆ ಐವತ್ತೈದು. ದತ್ತಾತ್ರಿ ಅಂಗಡಿಯ ಕಂಪ್ಯೂಟರಿನಲ್ಲಿ ಸಾವಿರದೊಂಬೈನೂರ ಐವತ್ತೈದರ ಹಳೆಯ ಪತ್ರಿಕೆಗಳನ್ನು ತೆರೆದು ಕುಳಿತ. ಗಿರಾಕಿಗಳು ಆಧಾರ್ ಕಾರ್ಡು ಹಿಡಿದು ನಿಂತೇ ಇದ್ದರು, ಇವನು ರೈಲು ಅಪಘಾತಗಳನ್ನು ಓದುತ್ತಲೇ ಇದ್ದ. ಓದಿ ಓದಿ ಹೆದರಿಕೆ ಹತ್ತಿ, ಹುಮನಾಬಾದಿನಿಂದ ಕಲಬುರಗಿಗೆ ರೈಲಿದ್ದರೂ ಬಸ್ಸು ಹಿಡಿಯತೊಡಗಿದ. ಕೊನೆಗೊಂದು ದಿನ, ಸತ್ತವರ ಪಟ್ಟಿಯಲ್ಲಿ 'ನರಸಿಂಗ, ಕೂಲಿ' ಎಂಬ ಹೆಸರು ಸಿಕ್ಕೇಬಿಟ್ಟಿತು. ಅಪಘಾತ ನಡೆದ ಜಾಗ ಮುನ್ನೂರು ಕಿಲೋಮೀಟರು ದೂರವಿತ್ತು. ಎಮ್ಮೆಗಳು ಹುಲ್ಲಿದ್ದಲ್ಲಿಗೆ ಹೋಗುತ್ತವೆ ಎಂದು ದತ್ತಾತ್ರಿ ಆ ಮುನ್ನೂರು ಕಿಲೋಮೀಟರನ್ನೂ ಅವುಗಳಿಂದ ಮೇಯಿಸಿಬಿಟ್ಟ.

ಸಖುಬಾಯಿ ಮಾತ್ರ ಒಪ್ಪಲಿಲ್ಲ. "ರಜಾಕಾರರ ಗದ್ದಲದಾಗ ಅವ್ವ ನನ್ನ ಬಗಲಾಗ ಎತ್ಕೊಂಡು ಜ್ವಾಳದ ಹೊಲದಾಗ ಅಡಗಿದ್ದಳಂತಲ್ಲೋ?"

"ನಿನಗೇನ್ ತಿಳೀತದ ಬಿಡವ್ವ. ಪೇಪರಿನಾಗ ಬಂದದ."

ಹಳೆಯ ಪಂಚಾಂಗ ನೋಡಿ ತಿಥಿ ಗೊತ್ತುಮಾಡಿದ್ದಾಯಿತು, ಬಂಧುಬಳಗಕ್ಕೆ ಹೋಳಿಗೆ ಊಟವೂ ಆಯಿತು. ಅಜ್ಜನ ಫೋಟೋ ಇರಲಿಲ್ಲ. ದತ್ತಾತ್ರಿ ತನ್ನದೇ ಫೋಟೋಕ್ಕೆ ಕಂಪ್ಯೂಟರಿನಲ್ಲಿ ರುಮಾಲು, ಮೀಸೆ ಹಚ್ಚಿ ಎರಡು ಪ್ರತಿ ತೆಗೆದು, ಕಟ್ಟು ಹಾಕಿಸಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ಅಂಗಡಿಯಲ್ಲಿ ಹಾರ ಹಾಕಿ ತೂಗುಬಿಟ್ಟ. ಮೊಮ್ಮಗ ಥೇಟ್ ಅಜ್ಜನಂಗೇ ಇದ್ದಾನೆ ಎಂದು ಬಂದವರೆಲ್ಲ ಹೇಳಿದಾಗ ಅವನಿಗೆ ನಿಜವಾಗಿಯೂ ಎದೆ ತುಂಬಿ ಬಂತು.

ಹೀಗಿರುವಾಗ ಒಂದು ಮಧ್ಯಾಹ್ನ ಹುಮನಾಬಾದಿನ ಆಮಿನಾ ಅಂಗಡಿಗೆ ಬಂದರು. ಉರ್ದು ಶಾಲೆಯ ನಿವೃತ್ತ ಶಿಕ್ಷಕಿ. ನಿಜಾಮರ ಕಾಲದ ಹೊಲದ ಕಾಗದಗಳನ್ನು ಜನರಿಗೆ ಓದಿ ಹೇಳುತ್ತಿದ್ದರು. ಜೆರಾಕ್ಸ್ ಆಗುವವರೆಗೆ ಗೋಡೆಯನ್ನೇ ನೋಡುತ್ತ ನಿಂತರು.

"ನೀವು ಜಿಂದಾ ಇದ್ದೀರಲ್ರಿ, ಹಾರ ಯಾಕ ಹಾಕ್ಯಾರ?"

ದತ್ತಾತ್ರಿ ಗಂಟಲು ಸರಿಮಾಡಿಕೊಂಡು ಇಡೀ ಸಂಶೋಧನೆಯನ್ನು ಒಪ್ಪಿಸಿದ. ಆಮಿನಾ ನಕ್ಕ ನಗೆಗೆ ತಹಸೀಲ್ ಕಚೇರಿಯ ಜವಾನ ಹೊರಬಂದು ನೋಡಿದ.

"ಅರೇ ದತ್ತಾತ್ರಿ ಭಾಯ್, ನಮ್ಮ ಕಡಿ ಹಿರೇರು ಪಚಪನ್ ಅಂದ್ರ ಫಸಲಿ ಸನ್ ರೀ, ನಿಜಾಮರ ಲೆಕ್ಕದ ವರ್ಷ. ತೇರಾಸೌ ಪಚಪನ್, ಹದಿಮೂರುನೂರಾ ಐವತ್ತೈದು. ಅಂದ್ರ ಇಂಗ್ಲಿಷ್ ಲೆಕ್ಕದಾಗ ನಲವತ್ತಾರು. ನೀವು ಒಂಬತ್ತು ವರ್ಷ ಮುಂದ ಹೋಗಿ ಹುಡುಕಾಕತ್ತೀರಿ."

ರಜಾಕಾರರ ಗದ್ದಲ ನಲವತ್ತೆಂಟರದು. ಆಗ ತನ್ನವ್ವ ಎರಡು ವರ್ಷದ ಕೂಸು. ಐವತ್ತೈದರಲ್ಲಿ ಆಕೆ ಹೊಟ್ಟೆಯಲ್ಲಿ ಇರುವುದಾದರೂ ಹೇಗೆ? ದೇಶದ ಪತ್ರಿಕೆಗಳನ್ನೆಲ್ಲ ಜಾಲಾಡಿದ ಸಂಶೋಧಕ ಅಡುಗೆಮನೆಯಲ್ಲಿ ಹೇಳಿದ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡಿರಲಿಲ್ಲ. ಯಾರೋ ಪಾಪದ ಕೂಲಿಯ ತಿಥಿಗೆ ತನ್ನ ಮುಖಕ್ಕೆ ಹಾರ ಹಾಕಿ ಊರಿಗೆಲ್ಲ ಹೋಳಿಗೆ ಹಾಕಿಸಿದ್ದ.

ಸರಿಯಾದ ವರ್ಷದಲ್ಲಿ ಹುಡುಕಿಸಲು ಆಮಿನಾ ಒಪ್ಪಿದರು. ಹೈದರಾಬಾದಿನ ಪರಿಚಯದವರಿಂದ ಆ ವರ್ಷದ ಉರ್ದು ಪತ್ರಿಕೆಯ ಪುಟವೊಂದನ್ನು ತರಿಸಲು ತಿಂಗಳು ಹಿಡಿಯಿತು. ತಾಯಿ ಮಗ ಹುಮನಾಬಾದಿಗೆ ಅವರ ಮನೆಗೆ ಹೋದರು. ಆಮಿನಾ ಚಹಾ ಕೊಟ್ಟು, ಕನ್ನಡಕ ಏರಿಸಿ, ಓದುತ್ತ ಓದುತ್ತ ನಿಧಾನವಾದರು.

"ಖುರ್ದಾದ್ ತಿಂಗಳು, ಅಂದ್ರ ಏಪ್ರಿಲ್. ಭಾಲ್ಕಿ ಹತ್ರ ಮಾಲಗಾಡಿಗೆ ಸಿಕ್ಕು ಏಳು ಎಮ್ಮಿ ಸತ್ತಾವ. ಮನುಷ್ಯಾರು ಯಾರೂ ಸತ್ತಿಲ್ರಿ. ಕಾಯೋನು ನಾರಾಯಣಪುರದ ನರಸಿಂಗ, ರುಮಾಲು ಕೋಲು ಅಲ್ಲೇ ಒಗದು ಓಡಿಹೋಗ್ಯಾನ. ಪೊಲೀಸರು ಹುಡುಕಾಕತ್ತಾರ."

ಸಖುಬಾಯಿ ಕಪ್ಪನ್ನು ಕೆಳಗಿಟ್ಟಳು. "ಹಂಗಾರ ಗಾಲಿ ಕೆಳಗ ಸಿಗಲಿಲ್ಲ?"

"ಇಲ್ರಿ ಅಮ್ಮಾ."

"ಸಣ್ಣಾಕಿ ಇದ್ದಾಗಿಂದ ಕಣ್ಣು ಮುಚ್ಚಿದ್ರ ಅದೇ ಕಾಣ್ತಿತ್ತು," ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. "ಬದುಕಿದ್ದ ಅಂದ್ರ, ಮಗಳು ಹುಟ್ಟ್ಯಾಳೋ ಇಲ್ಲೋ ಅಂತ ಒಂದ್ ಸರ್ತಿ ಬಂದು ನೋಡಬಾರದಾಗಿತ್ತೇನು?"

ತಿಥಿ ಹುಡುಕಿಕೊಡುತ್ತೇನೆಂದು ಹೊರಟ ದತ್ತಾತ್ರಿ ಸತ್ತಿದ್ದ ಅಜ್ಜನನ್ನೂ ಕಳೆದು ಕೈತೊಳೆದುಕೊಂಡಿದ್ದ. ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಿಯ ಮುಖ ನೋಡಲು ಅವನಿಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದವಳೇ ಸಖುಬಾಯಿ ಗೋಡೆಯ ಕಡೆ ಕೈ ಮಾಡಿದಳು. "ಅದನ್ನ ಇಳಸು. ನೀ ಇನ್ನಾ ಬದುಕೀದಿ."

ಮತ್ತೆ ಪಿತೃಪಕ್ಷದ ಅಮಾವಾಸ್ಯೆ ಬಂತು. ಹೋಳಿಗೆಯಾಯಿತು, ಹಿರಿಯರಿಗೆಲ್ಲ ಸಾಲಾಗಿ ಎಡೆ ಬಿತ್ತು. ನರಸಿಂಗನ ಎಡೆ ಹಿಡಿದು ದತ್ತಾತ್ರಿ ದೇವರ ಮುಂದೆ ನಿಂತುಬಿಟ್ಟ. ಸಂಶೋಧನೆ ಮಾಡಿದವನಿಗೇ ಎಲ್ಲಿಡಬೇಕೆಂದು ತಿಳಿಯದು.

"ಅವ್ವಾ, ಇದು ಎಲ್ಲಿಡ್ಲಿ?"

ಈ ಸಲ ಅವನು ತಾಯಿಯ ಮಾತಿಗೆ ನಿಜವಾಗಿಯೂ ಕಾದ. ಸಖುಬಾಯಿ ತಟ್ಟೆ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲಿಟ್ಟು, ಹೊಲದಿಂದ ತಡವಾಗಿ ಬರುವವರ ಊಟಕ್ಕೆ ಮುಚ್ಚುವಂತೆ ಮೇಲೊಂದು ತಾಟು ಮುಚ್ಚಿದಳು.

"ಸತ್ತವರ ಸಾಲಿನಾಗ ಬ್ಯಾಡ," ಎಂದಳು. "ಬರ್ಲಿ. ಮೊದಲ ಹೊಟ್ಟಿ ತುಂಬ ಬೈತೀನಿ, ಆಮ್ಯಾಲ ಬಡಸ್ತೀನಿ."