ಒಬ್ಬಟ್ಟು ಬಂತು, ಸಾರು ಬರಲಿಲ್ಲ

ಇವತ್ತು ಯುಗಾದಿ ಅಲ್ವೇನ್ರಪ್ಪಾ, ಅಮ್ಮನ ಮಂಡಿನೋವಿಗೆ ಬಿಡುವು ಸಿಗಲೆಂದು ಚಿಂತಾಮಣಿಯ ಅಂಗಡಿಯಿಂದ ಒಬ್ಬಟ್ಟು ತಂದೆ. ಎಲೆ ಮುಂದೆ ಕೂತ ಅಪ್ಪ, "ಒಬ್ಬಟ್ಟಿನ ಸಾರೆಲ್ಲಪ್ಪಾ?" ಅಂದರು. ಬೇಳೆ ಬೇಯಿಸಿ ಬಸಿದ ಕಟ್ಟಿನಲ್ಲಿ ಮಾಡುವ ಸಾರು ಅಂಗಡಿಯ ಡಬ್ಬದಲ್ಲಿ ಎಲ್ಲಿಂದ ಬರಬೇಕು?

ಅಮ್ಮ ಕುಂಟುತ್ತಲೇ ಒಳಗೆ ಹೋಗಿ ಸಾರಿನ ಪಾತ್ರೆ ತಂದಳು. ನಾವು ಏಳುವ ಮೊದಲೇ ಬೇಳೆ ಬೇಯಿಸಿದ್ದಳಂತೆ.

"ರೆಸ್ಟ್ ತಗೋ ಅಂದಿದ್ನಲ್ಲಮ್ಮಾ!"

"ಶುಗರ್ ಅಂತ ನಿಮ್ಮಪ್ಪಂಗೆ ಒಬ್ಬಟ್ಟು ಬಿಡ್ಸಿದೀವಿ. ಸಾರೂ ಬಿಡ್ಸಣ ಅಂತೀಯೇನೋ?"

ಬೆಂದ ಬೇಳೆ ದಂಡವಾಗಬಾರದೆಂದು ಒಬ್ಬಟ್ಟನ್ನೂ ತಟ್ಟಿಟ್ಟಿದ್ದಾಳೆ! ಅಂಗಡಿಯದು ಹಾಗೇ ಉಳಿದಿದೆ, ಬೇಕಾದವರು ಸಂಜೆ ಬನ್ನಿ. ಸಾರು ಮಾತ್ರ ಕೇಳಬೇಡಿ. ಅಪ್ಪ ಪಾತ್ರೆ ಪಕ್ಕದಲ್ಲೇ ಕೂತಿದ್ದಾರೆ.