ಎಡಕ್ಕೆ ತಿರುಗುವ ರೊಟ್ಟಿ

ದೆವ್ವ, ಗಾಳಿ, ಮೈಮೇಲೆ ಬರುವುದು, ಇವನ್ನು ನಾನು ನಂಬಿದವಳಲ್ಲ. ನಮ್ಮ ಓಣಿಯಲ್ಲಿ ಒಬ್ಬಳ ಮೈಮೇಲೆ ಅಮಾವಾಸ್ಯೆಗೊಮ್ಮೆ ದೇವರು ಬರುತ್ತಿತ್ತು. ಜೋಳ ಕೀಳುವ ದಿನ ಯಾಕೆ ಬರುವುದಿಲ್ಲ ಎಂದು ನಾಲ್ಕು ಮಂದಿಯ ಎದುರಿಗೇ ಕೇಳಿದ್ದೆ. ಅವಳು ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇದನ್ನು ಮೊದಲೇ ಯಾಕೆ ಹೇಳಿದೆ ಎಂದರೆ, ಮುಂದಿನದನ್ನು ಓದಿ ಈ ಮುದುಕಿಗೆ ಮೊದಲಿಂದಲೂ ಮರುಳು ಎಂದು ನೀವು ಅನ್ನಬಾರದು.

ತಿಕೋಟಾದಲ್ಲಿ ನಮ್ಮದು ಖಡಕ್ ರೊಟ್ಟಿ ಮಾರುವ ಮನೆ. ಗಂಡ ಹೋದ ಮೇಲೆ ಈ ಬಲಗೈಯೇ ಮನೆ ನಡೆಸಿತು. ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಹಿಟ್ಟು ನಾದುತ್ತಿರುವಾಗ ಅದಕ್ಕೇ ಲಕ್ವಾ ಹೊಡೆಯಿತು. ಸೊಟ್ಟಗಾದ ಬಾಯಿ ಸರಿಹೋಯಿತು, ಕಾಲು ಎಳೆದುಕೊಂಡು ನಡೆದೆ. ಕೈ ಮಾತ್ರ ಹಸಿ ಹಿಟ್ಟಿನ ಮುದ್ದೆಯ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತು.

ನನ್ನ ಅವ್ವನಿಗೂ ಹೀಗೇ ಆಗಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಅವಳ ಬಲಗೈ ಹೋಗಿತ್ತಂತೆ. ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಆನಿಸಿಕೊಂಡಿರುತ್ತಿದ್ದಳು. ನಾನು ಕಂಡದ್ದು ಅಷ್ಟೇ. ಸಾಯುವ ತನಕ ಅದು ಸೆರಗಿನಿಂದ ಹೊರಗೆ ಬರಲಿಲ್ಲ. ನನ್ನದೂ ಹಾಗೇ ಆಗುತ್ತದೆ, ಸೊಸೆ ಬಡಿದ ದಪ್ಪ ರೊಟ್ಟಿ ನೋಡಿ ಗಿರಾಕಿಗಳು ಬೇರೆ ಬಾಗಿಲು ಹಿಡಿಯುತ್ತಾರೆ ಎಂದು ನನಗೆ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ.

ಸೊಸೆ ರೇಣುಕಾ ನನ್ನನ್ನು ಬಸ್ಸಿನಲ್ಲಿ ವಿಜಯಪುರಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಹುಡುಗಿ ಶಬಾನಾ. ಅವಳು ನನ್ನ ಕಣ್ಣಿಗೆ ಒಂದು ದಪ್ಪ ಡಬ್ಬಿ ಕಟ್ಟಿದಳು. ಅದಕ್ಕೆ ವಿ.ಆರ್. ಎನ್ನುತ್ತಾರೆ. ಕಟ್ಟಿಕೊಂಡರೆ ನಾವು ಕೂತ ಕೋಣೆ ಹೋಗಿ ಬೇರೆಯೇ ಮನೆ ಕಾಣುತ್ತದೆ. ನನಗೆ ಕಂಡದ್ದು ಒಂದು ಮೇಜು, ಒಂದು ಬಟ್ಟೆ, ಬೂದಿ ಬಣ್ಣದ ಒಂದು ಬಲಗೈ. ಆ ಕೈಯಿಂದ ಮೇಜು ಒರೆಸಬೇಕು.

“ತಿಕೋಟಾದಿಂದ ಬಸ್ ಹಿಡದು ಬಂದು ಯಾರದೋ ಮೇಜು ಒರಸಬೇಕೇನವ್ವಾ?” ಎಂದೆ.

“ಒರಸ್ರಿ ಆಯಿ. ನೀವು ಎಡಗೈ ಆಡಿಸಿದ್ರ ಅಲ್ಲಿ ಬಲಗೈ ಆಡ್ತದ. ಮಿದುಳಿಗೆ ಸುಳ್ಳ ಹೇಳೂದದು. ಹೇಳ್ತಾ ಹೇಳ್ತಾ ಖರೇ ಆಗ್ತದ.”

“ಸುಳ್ಳ ಹೇಳಾಕ ಮಿಷನ್ ಯಾಕ? ನಮ್ಮ ಓಣಿ ಹೆಂಗಸರು ಸಾಕಾಗಿತ್ತಲ್ಲ.”

ಅವಳು ನಕ್ಕಳು. ನಾನು ಒರೆಸಿದೆ. ಎಷ್ಟೋ ಸಲ ಹೋದೆ, ಒರೆಸಿದೆ, ಬಂದೆ. ಕೈ ಇದ್ದ ಹಾಗೇ ಇತ್ತು. ಬಸ್ಸಿನಲ್ಲಿ ರೇಣುಕಾ ಕಿಟಕಿಯ ಹೊರಗೆ ನೋಡುತ್ತ ಕೂಡುತ್ತಿದ್ದಳು, ನಾನು ದಾರಿಯಲ್ಲಿ ಬರುವ ಊರನ್ನೆಲ್ಲ ಬೈಯುತ್ತ ಕೂಡುತ್ತಿದ್ದೆ.

ಒಂದು ಮಧ್ಯಾಹ್ನ ಒರೆಸಿ ಒರೆಸಿ ಎಡಗೈ ದಣಿಯಿತು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಡಬ್ಬಿಯೊಳಗಿನ ಕೈಯೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದು ಬಟ್ಟೆಯನ್ನು ಪಕ್ಕಕ್ಕೆ ಸರಿಸಿತು. ಅಂಗೈ ಅಗಲಿಸಿ ಬರಿ ಮೇಜಿನ ಮೇಲೆ ಬಡಿಯತೊಡಗಿತು. ಕಿರುಬೆರಳು ಮಾತ್ರ ಮೇಲೆ ನಿಂತಿತ್ತು. ನೋಡನೋಡುತ್ತ ಅಂಗೈ ಕೆಳಗೆ ರೊಟ್ಟಿ ಹರಡಿತು. ಅದರ ಸಪ್ಪಳವೂ ಕೇಳಿತು, ನಲವತ್ತು ವರ್ಷ ಕೇಳಿದ ಸಪ್ಪಳ ನನಗೆ ತಪ್ಪುವುದಿಲ್ಲ. ಆದರೆ ಬಡಿಯುವಾಗ ನನ್ನ ರೊಟ್ಟಿ ಬಲಕ್ಕೆ ತಿರುಗುತ್ತದೆ, ಅತ್ತೆ ಹಾಗೇ ಕಲಿಸಿದ್ದಳು. ಇದು ಎಡಕ್ಕೆ ತಿರುಗುತ್ತಿತ್ತು. ಹೇಳದೆ ಕೇಳದೆ ಯಾರದೋ ಅಡುಗೆಮನೆಗೆ ಹೊಕ್ಕ ಹಾಗೆ ಕಸಿವಿಸಿಯಾಯಿತು.

“ತಗಿ ಇದನ್ನ” ಎಂದೆ. ಶಬಾನಾ ಡಬ್ಬಿ ಬಿಚ್ಚಿದಳು.

“ಯಾಕ ಆಯಿ, ತಲಿ ತಿರಗಾಕತ್ತೈತೇನು?”

“ಆ ಕೈ ರೊಟ್ಟಿ ಬಡ್ಯಾಕತ್ತೈತಿ.”

ನಾನು ನೋಡುವುದೆಲ್ಲ ಅವಳಿಗೆ ಗೋಡೆಯ ಟಿ.ವಿ.ಯಲ್ಲಿ ಕಾಣುತ್ತದೆ. “ನೀವು ಎಡಗೈ ಇಳಿಸಿದಾಗಿಂದ ಅದು ನಿಂತೇ ಐತ್ರಿ. ಇದರಾಗ ರೊಟ್ಟಿ ಎಲ್ಲಿಂದ ಬರಬೇಕು” ಎಂದಳು. ರೇಣುಕಾಳನ್ನು ಕೇಳಿದೆ. ಅವಳಿಗೂ ಬರಿ ಮೇಜೇ ಕಂಡಿತ್ತು. ಆದರೆ ಅವಳು ಟಿ.ವಿ. ಬಿಟ್ಟು ನನ್ನ ತೊಡೆಯನ್ನೇ ನೋಡುತ್ತಿದ್ದಳು.

“ಅತ್ತಿ, ನಿಮ್ಮ ಬೆರಳು” ಎಂದಳು.

ಸತ್ತ ಕೈಯ ಕಿರುಬೆರಳು ನೆಟ್ಟಗೆ ನಿಂತಿತ್ತು.

ಆಮೇಲೆ ಕೈ ನಿಧಾನಕ್ಕೆ ಬಂತು. ಗ್ಲಾಸು ಹಿಡಿಯಿತು, ತಲೆ ಬಾಚಿತು. ಶಬಾನಾ ಊರಿಗೆಲ್ಲ ಪೇಢೆ ಹಂಚುವಷ್ಟು ಸಂತೋಷಪಟ್ಟಳು. ನನಗೂ ಬೇಕಾದದ್ದು ಅದೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಹಿಟ್ಟಿನ ಮುಂದೆ ಕೂತ ದಿನ ಮಾತ್ರ ರೊಟ್ಟಿ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿಸಲು ಹೋದರೆ ಹರಿಯಿತು. ಹೊಸದಾಗಿ ಕಲಿಯುವ ಕೈ ತನಗೆ ಸುಲಭ ಕಂಡ ಹಾಗೆ ತಿರುಗುತ್ತದೆ ಎಂದು ಶಬಾನಾ ಹೇಳಿದಳು. ಇರಬಹುದು ಎಂದುಕೊಂಡೆ. ರೊಟ್ಟಿ ಮೊದಲಿಗಿಂತ ತೆಳುವಾಗಿದೆ ಎಂದು ಗಿರಾಕಿಗಳು ಹೊಗಳಿದಾಗ ಮಾತ್ರ ಮೈ ಉರಿಯುತ್ತಿತ್ತು. ನನ್ನ ರೊಟ್ಟಿಗೆ ಏನಾಗಿತ್ತು?

ನನ್ನನ್ನು ನೋಡಲು ಕಾಖಂಡಕಿಯಿಂದ ಚಿಗವ್ವ ಬಂದಳು, ಅವ್ವನ ತಂಗಿ. ಬಂದವಳು ಚಹಾ ಕುಡಿಯುತ್ತ, ರೊಟ್ಟಿ ಬಡಿಯುತ್ತಿದ್ದ ನನ್ನ ಎದುರಿಗೆ ಕೂತಳು. ಸ್ವಲ್ಪ ಹೊತ್ತಿಗೆ ಕಪ್ಪು ಕೆಳಗಿಟ್ಟಳು.

“ಹಿಂಗ ಬಡಿಯೂದು ಯಾರ ಕಲಿಸಿದ್ರಬೇ?”

“ಯಾರಿಲ್ಲ. ಲಕ್ವಾ ಆದಮ್ಯಾಲ ಹಿಂಗ ತಿರಗಾಕತ್ತೈತಿ.”

“ಅಕ್ಕ ಹಿಂಗ ಎಡಕ್ಕ ತಿರಗಿಸ್ತಿದ್ಲು. ದಿನಾ ಬೈಸ್ಕೋತಿದ್ಲು. ಕುಡಗೋಲ ಬಡದು ಆಕೀ ಕಿರಿಬೆರಳ ಮಡಚತಿರಲಿಲ್ಲ.”

“ಸಣ್ಣಾಕಿದ್ದಾಗ ನೋಡಿರಬೇಕು ನಾ.”

“ಏನ್ ನೋಡ್ತಿ ನೀ? ಆಕೀ ಕೈ ಹೋದಾಗ ನಿನಗ ಇನ್ನಾ ಹಲ್ಲು ಬಂದಿರಲಿಲ್ಲ.”

ಹಂಚಿನ ಮೇಲಿದ್ದ ರೊಟ್ಟಿ ಕರಿಯಾಯಿತು.

ಸಂಜೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ದಾರಿಯುದ್ದಕ್ಕೂ ನನ್ನ ಬಲಗೈ ಹಿಡಿದುಕೊಂಡೇ ನಡೆದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ತಲೆ ತಗ್ಗಿಸಿ, ಆ ಕೈಯನ್ನೇ ನೋಡುತ್ತ, ಸಣ್ಣ ದನಿಯಲ್ಲಿ ತವರಿನ ಸುದ್ದಿ ಹೇಳುತ್ತಿದ್ದಳು, ಯಾರು ಸತ್ತರು, ಯಾವ ಹೊಲ ಯಾರಿಗೆ ಹೋಯಿತು ಎಂದು. ಅದೆಲ್ಲ ನನಗೆ ಗೊತ್ತಿದ್ದ ಹಳೆಯ ಸುದ್ದಿ. ನನಗೆ ಹೇಳುತ್ತಿರಲಿಲ್ಲ ಅವಳು.

ಬಸ್ಸು ಬಂತು. ಸಾಕು ಇದು ಎಂದು ನಾನು ಕೈ ಎಳೆದೆ. ಬರಲಿಲ್ಲ. ಮುದುಕಿ ಬಿಗಿಯಾಗಿ ಹಿಡಿದಿದ್ದಳೋ, ಕೈಯೇ ಅವಳನ್ನು ಹಿಡಿದಿತ್ತೋ, ನನಗೆ ಇವತ್ತಿಗೂ ತಿಳಿಯದು. ಕಂಡಕ್ಟರ್ ಸೀಟಿ ಊದಿದ ಮೇಲೆಯೇ ಬಿಟ್ಟಿತು.